ಕೆರೆ ಹಕ್ಕಿಗಳಿಗೆ 8×42 ಬೈನಾಕ್ಯುಲರ್ ಸಾಕು

ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ವಾರ ವಾರ ಹೋಗುತ್ತೇನೆ, ಈ 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು) ತಗೊಂಡು ಎಂಟು ತಿಂಗಳಾಯಿತು. 10×50 ತಗೋ ಅಂತ ಎಲ್ಲರೂ ಹೇಳಿದ್ದರು. ತಗೊಳ್ಳದಿದ್ದದ್ದೇ ಒಳ್ಳೆಯದಾಯಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಾಗ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ, ಮಿಂಚುಳ್ಳಿ ಹಾರಿದರೆ ಹುಡುಕುವಷ್ಟರಲ್ಲಿ ಮಾಯ. ಬೆಳಗಿನ ಆರೂವರೆಯ ಮಂದ ಬೆಳಕಿಗೆ 42 ಮಿಲಿಮೀಟರ್ ಗಾಜು ಧಾರಾಳ ಸಾಕು.

ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆ. ಗುಳುಮುಳುಕ ಎಂಬ ಪುಟ್ಟ ನೀರುಹಕ್ಕಿ ಜೊಂಡಿನ ಮರೆಯಲ್ಲಿ ತೇಲುವ ಗೂಡು ಕಟ್ಟುತ್ತದೆ, ನಾವು ಹತ್ತಿರ ಹೋದರೆ ಮೊಟ್ಟೆಗಳ ಮೇಲೆ ಕಳೆ ಎಳೆದು ಮುಚ್ಚಿ ನೀರಿಗೆ ಮುಳುಗಿಬಿಡುತ್ತದೆ. ಈಗ ಬೈನಾಕ್ಯುಲರ್ ಹಿಡಿದು ಕಾಲುದಾರಿಯಲ್ಲೇ ನಿಂತು, ಮರಿಗಳು ಅಮ್ಮನ ಬೆನ್ನೇರಿ ಹೋಗುವುದನ್ನು ನೋಡುತ್ತೇನೆ. ಎಂಥ ಖುಷಿ ಅದು! ಯಾವ ಕೆರೆಯಲ್ಲೇ ಆಗಲಿ, ಸ್ವಚ್ಛ ಮಾಡುವ ನೆಪದಲ್ಲಿ ಜೊಂಡನ್ನೆಲ್ಲ ಕಿತ್ತರೆ ಈ ಗೂಡು ಎಲ್ಲಿರುತ್ತದೆ, ಹೇಳಿ? ದಂಡೆಯಲ್ಲಿ ಒಂದಿಷ್ಟಾದರೂ ಬಿಡಲೇಬೇಕು.

ಕೊರತೆಯೂ ಇದೆ. ಕುತ್ತಿಗೆ ಪಟ್ಟಿ ತೀರಾ ತೆಳು, ಒಂದು ಗಂಟೆಗೆ ನೋವು ಶುರು. ನಾನು ಅಗಲದ ಪಟ್ಟಿ ಹಾಕಿಕೊಂಡೆ. ಮುಚ್ಚಳವೂ ಸಡಿಲ. ಕನ್ನಡಕದವರು ಸುಮ್ನೆ ಆನ್‌ಲೈನ್‌ನಲ್ಲಿ ತರಿಸಬೇಡಿ, ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡೇ ನೋಡಿ ತಗೊಳ್ಳಿ.