ಎಟಿಮ್‌ಆನ್‌ಲೈನ್: ಹಲವು ವರ್ಷ ಬಳಸಿದ ಮೇಲೆ

ಅಮೆರಿಕದ ಡಗ್ಲಸ್ ಹಾರ್ಪರ್ ರೂಪಿಸಿದ ಎಟಿಮ್‌ಆನ್‌ಲೈನ್ ಎಂಬ ಉಚಿತ ಪದಮೂಲ ನಿಘಂಟನ್ನು, ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ಹಲವು ವರ್ಷಗಳಿಂದ ಜಾಲತಾಣದಲ್ಲಿ ಬಳಸುತ್ತಿದ್ದೇನೆ. ಒಂದು ಪದದ ಮೂಲ ಲ್ಯಾಟಿನ್ ಎಂದಷ್ಟೇ ಹೇಳುವ ನಿಘಂಟುಗಳು ಬೇಕಾದಷ್ಟಿವೆ. ಆ ಪದ ಯಾವ ಕಾಲದಲ್ಲಿ, ಯಾವ ದಾರಿಯಲ್ಲಿ ಇಂಗ್ಲಿಷಿಗೆ ಬಂತೆಂದು ಇದು ತೋರಿಸುತ್ತದೆ, ಮತ್ತು ತರಗತಿಗೆ ನಿಜವಾಗಿ ಬೇಕಾಗುವುದು ಅದೇ.

ಸಾಲ ಎಂಬ ಅರ್ಥದ 'ಡೆಟ್' ಪದದಲ್ಲಿ ಉಚ್ಚರಿಸದ 'ಬಿ' ಅಕ್ಷರ ಏಕಿದೆ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಫ್ರೆಂಚಿನಿಂದ ಬಂದಾಗ ಈ ಪದದಲ್ಲಿ 'ಬಿ' ಇರಲಿಲ್ಲ. ಲ್ಯಾಟಿನ್ನಿನ 'ಡೆಬಿಟುಮ್' ರೂಪವನ್ನು ಬಲ್ಲವರು ಅದನ್ನು ಬರಹದಲ್ಲಿ ಮರಳಿ ಸೇರಿಸಿದರು, ಮಾತಿನಲ್ಲಿ ಮಾತ್ರ ಹಳೆಯ ಉಚ್ಚಾರವೇ ಉಳಿಯಿತು. 'ಡೌಟ್' ಪದದ ಕತೆಯೂ ಇದೇ. 'ಐಲೆಂಡ್' ಇನ್ನೂ ವಿಚಿತ್ರ: ಅದು ಅಪ್ಪಟ ಹಳೆಯ ಇಂಗ್ಲಿಷ್ ಪದವಾದರೂ, ಲ್ಯಾಟಿನ್ನಿನ 'ಇನ್ಸುಲಾ'ದಿಂದ ಫ್ರೆಂಚ್ ಮೂಲಕ ಬಂದ 'ಐಲ್' ಪದದ ಸಹವಾಸದಲ್ಲಿ ತನ್ನದಲ್ಲದ 'ಎಸ್' ಅಕ್ಷರವನ್ನು ಅಂಟಿಸಿಕೊಂಡಿತು. ಇದಕ್ಕೆ ವಿರುದ್ಧವಾಗಿ, 'ಸ್ಟ್ರೀಟ್', 'ಚೀಸ್', 'ವೈನ್' ಎಂಬ ತೀರ ಮನೆಮಾತಿನ ಪದಗಳು ರೋಮನ್ನರಿಂದ, ಇಂಗ್ಲಿಷರ ಪೂರ್ವಿಕರಾದ ಜರ್ಮಾನಿಕ್ ಜನರಿಗೆ ಬಹಳ ಮುಂಚೆಯೇ ದಾಟಿದ ಲ್ಯಾಟಿನ್ ಪದಗಳು.

'ರಾಯಲ್', 'ರೀಗಲ್' ಎರಡೂ 'ರೆಗಾಲಿಸ್' ಎಂಬ ಒಂದೇ ಪದದಿಂದ ಹುಟ್ಟಿದವು. ಮೊದಲನೆಯದು ಫ್ರೆಂಚರ ಬಾಯಲ್ಲಿ ಸವೆದು ಬಂದಿದೆ, ಎರಡನೆಯದು ಲ್ಯಾಟಿನ್ ರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಅಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ, ಸಂಸ್ಕೃತದ 'ರಾಜನ್' ಪದಕ್ಕೂ ಇದಕ್ಕೂ ಒಂದೇ ಮೂಲ ಎಂಬುದು ಕಾಣುತ್ತದೆ. 'ಇಗ್ನೈಟ್' ಪದದ ಹಿಂದಿನ 'ಇಗ್ನಿಸ್' ನಮ್ಮನ್ನು 'ಅಗ್ನಿ'ಯ ಬಳಿಗೆ ಒಯ್ಯುತ್ತದೆ. (ಇವು ಕನ್ನಡಕ್ಕೆ ಸಂಸ್ಕೃತದಿಂದ ಬಂದವು, ಕನ್ನಡವೇ ಲ್ಯಾಟಿನ್ನಿನ ನಂಟಲ್ಲ ಎಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.)

ಬಳಸುವವರು ಒಂದು ಎಚ್ಚರ ವಹಿಸಬೇಕು. ನಮೂದಿನಲ್ಲಿ ಕಾಣುವ ಕಾಲ, ಬರಹದಲ್ಲಿ ಆ ಪದ ಸಿಕ್ಕ ಮೊದಲ ದಾಖಲೆಯದು. ಜನರ ಬಾಯಲ್ಲಿ ಅದು ಎಷ್ಟೋ ಮುಂಚಿನಿಂದ ಇದ್ದಿರಬಹುದು. ಲ್ಯಾಟಿನ್ ಪದಗಳ ಹ್ರಸ್ವ ದೀರ್ಘಗಳನ್ನು ಸಾಮಾನ್ಯವಾಗಿ ಗುರುತಿಸಿರುವುದಿಲ್ಲವಾದ್ದರಿಂದ, ಲ್ಯಾಟಿನ್ ಭಾಷೆಯನ್ನೇ ಕಲಿಯಹೊರಟವರು ಬೇರೊಂದು ನಿಘಂಟನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಇಂಗ್ಲಿಷ್ ಶಿಕ್ಷಕರಿಗೂ ಅನುವಾದಕರಿಗೂ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.