ರೆಕಾರ್ಡಿಂಗ್ ನೋಟ್ಸ್: ಪುಸ್ತಕವಾ, ಶೀಟಾ, ರೀಪರ್ ಒಳಗೇನಾ?

ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಹೋದ ತಿಂಗಳು ಹಾಡಿಸಿದ ಹಾಡಿಗೆ ಈಗ ಎರಡು ಸಾಲು ಸೇರಿಸಬೇಕು, ಆದರೆ ಅವತ್ತು ಮೈಕ್ ಎಷ್ಟು ದೂರ ಇತ್ತು, ಗೇನ್ (ಮೈಕಿನ ದನಿಯನ್ನು ಎಷ್ಟು ಏರಿಸಿದ್ದೆವು) ಎಲ್ಲಿತ್ತು, ಕಿಟಕಿಗೆ ಕಂಬಳಿ ಕಟ್ಟಿದ್ದೆವಾ ಇಲ್ಲವಾ, ಯಾರಿಗೂ ನೆನಪಿಲ್ಲ. ಕಂಪ್ಯೂಟರಿನಲ್ಲಿ ಎಲ್ಲಾ ಸೇವ್ ಆಗಿರುತ್ತದಲ್ಲ ಅನ್ನುತ್ತಾರೆ. ಎಲ್ಲಾ ಇಲ್ಲ. ಫೇಡರ್ (ಟ್ರ್ಯಾಕಿನ ದನಿ ಏರಿಸಿ ಇಳಿಸುವುದು), ಪ್ಲಗಿನ್ (ದನಿಗೆ ಹಾಕುವ ಎಫೆಕ್ಟ್) ಉಳಿಯುತ್ತವೆ. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್ ಡಬ್ಬಿಯ ಮುಂದೆ ಕೈಯಲ್ಲಿ ತಿರುಗಿಸುವ ನಾಬ್ ಎಲ್ಲಿತ್ತು ಅಂತ ಪ್ರಾಜೆಕ್ಟ್ ಫೈಲಿಗೆ ಗೊತ್ತಿರುವುದಿಲ್ಲ. ಹಾಗಾಗಿ ಬರೆದಿಡಲೇಬೇಕು. ಎಲ್ಲಿ ಬರೆಯುವುದು ಅನ್ನುವುದೇ ಪ್ರಶ್ನೆ: ಪುಸ್ತಕದಲ್ಲಾ, ಗೂಗಲ್ ಶೀಟ್ಸಿನಲ್ಲಾ, ಇಲ್ಲಾ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್ ಒಳಗೇನಾ? ಮಡಿಕೇರಿ ಕಡೆಯ ಮಳೆ, ಥಂಡಿ, ಕರೆಂಟ್ ಎಲ್ಲದರ ನಡುವೆ ನಾನು ಮೂರನ್ನೂ ಬಳಸಿ ನೋಡಿದ್ದೇನೆ.

ಮೊದಲು ಪುಸ್ತಕ. ಸಾದಾ ಲಾಂಗ್ ಬುಕ್ ಮತ್ತು ಪೆನ್ಸಿಲ್. ಪೆನ್ಸಿಲೇ ಯಾಕೆ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕಾಗದ ಯಾವಾಗಲೂ ಸ್ವಲ್ಪ ಒದ್ದೆ, ಜೆಲ್ ಪೆನ್ನಿನ ಶಾಯಿ ಹರಡಿಕೊಳ್ಳುತ್ತದೆ. ಪುಸ್ತಕದ ದೊಡ್ಡ ಲಾಭ ಚಿತ್ರ. ಕುರ್ಚಿ ಇಲ್ಲಿ, ಮೈಕ್ ಇಲ್ಲಿ, ಬಾಯಿಂದ ಒಂದು ಗೇಣು, ಸ್ವಲ್ಪ ಓರೆ ಅಂತ ಒಂದು ಗೀಚು ಹಾಕಿದರೆ ಮುಗಿಯಿತು, ಅದನ್ನೇ ಶೀಟಿನಲ್ಲಿ ಟೈಪ್ ಮಾಡಲು ಹೋದರೆ ನಾಲ್ಕು ಸಾಲು ಬೇಕು. ಈ ದೂರ ಸುಮ್ನೆ ಬರೆಯುವುದಲ್ಲ. ಕಾರ್ಡಿಯಾಯ್ಡ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕಿಗೆ ಹತ್ತಿರ ಹೋದಷ್ಟೂ ತಗ್ಗಿನ ದನಿ ದಪ್ಪವಾಗುತ್ತದೆ, ಹಾಗಾಗಿ ದೂರ ಬದಲಾದರೆ ಆಮೇಲೆ ಸೇರಿಸಿದ ಸಾಲು ಬೇರೆ ಯಾರೋ ಹಾಡಿದ ಹಾಗೆ ಕೇಳಿಸುತ್ತದೆ. ಗೇನ್ ನಾಬನ್ನು ಗಡಿಯಾರದ ಲೆಕ್ಕದಲ್ಲಿ ಬರೆಯುತ್ತೇನೆ: "ಎರಡು ಗಂಟೆ", "ಹನ್ನೊಂದೂವರೆ". ಕರೆಂಟ್ ಹೋದರೂ ಪುಸ್ತಕ ಓದಬಹುದು. ಹಾಡುತ್ತಿರುವಾಗ ಬರೆದರೂ ಕೀಬೋರ್ಡಿನ ಟಕಟಕ ಟ್ರ್ಯಾಕಿಗೆ ಬರುವುದಿಲ್ಲ. ಹಾಳೆ ಮಗುಚಿದರೆ ಮಾತ್ರ ಮೈಕ್ ಹಿಡಿದುಬಿಡುತ್ತದೆ.

ನಮ್ಮಲ್ಲಿ ದುಡಿ (ಕೊಡಗಿನ ಪುಟ್ಟ ಡೋಲು) ರೆಕಾರ್ಡ್ ಮಾಡುವಾಗಲಂತೂ ಪುಸ್ತಕವೇ ಸರಿ. ಚರ್ಮದ ವಾದ್ಯ ಅಲ್ವಾ, ಥಂಡಿಗೆ ಸಡಿಲವಾಗಿ ದನಿ ಇಳಿಯುತ್ತದೆ, ಬೆಳಿಗ್ಗೆಯ ಟೇಕಿಗೂ ಸಂಜೆಯ ಟೇಕಿಗೂ ಹೊಂದುವುದಿಲ್ಲ. "ಮಾಡಿನ ತಗಡಿನ ಮೇಲೆ ಮಳೆ ಶುರು, ಮೂರನೇ ಚರಣದಿಂದ" ಅಂತ ಮೂಲೆಯಲ್ಲಿ ಬರೆದುಕೊಂಡ ಸಾಲು ಮಿಕ್ಸ್ ಮಾಡುವಾಗ ಎಷ್ಟೋ ಸಲ ಕೆಲಸ ಉಳಿಸಿದೆ. ದೊಡ್ಡಪ್ಪ ಹಾಡಿ ಮುಗಿಸಿ "ಇದು ಬೇಡ ಮಗಾ, ಮೊದಲಿನದ್ದೇ ಇರ್ಲಿ" ಅಂದರೆ ಅದೂ ಅಲ್ಲೇ. ಆದರೆ ಹುಡುಕುವಾಗ ಪುಸ್ತಕ ಸತಾಯಿಸುತ್ತದೆ. ಹೋದ ವರ್ಷದ ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಹಾಡು ಯಾವ ಪುಟದಲ್ಲಿದೆ? ಪೂರ್ತಿ ತಿರುವಿ ಹಾಕಬೇಕು.

ಹುಡುಕುವುದರಲ್ಲಿ ಗೂಗಲ್ ಶೀಟ್ಸ್ ಮುಂದೆ. ತಾರೀಕು, ಹಾಡು, ಶ್ರುತಿ, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಮೈಕ್, ಗೇನ್, ಟೇಕ್, ಷರಾ ಅಂತ ಕಾಲಂ ಹಾಕಿ ಫಿಲ್ಟರ್ ಒತ್ತಿದರೆ ಬೇಕಾದ್ದು ಬರುತ್ತದೆ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ) 44.1 ಕಿಲೋಹರ್ಟ್ಸಾ 48ಆ ಅನ್ನುವುದಕ್ಕೂ ಒಂದು ಕಾಲಂ ಇಡಿ, ಬೇರೆಯವರಿಗೆ ಫೈಲ್ ಕಳಿಸುವಾಗ ಕೇಳಿಯೇ ಕೇಳುತ್ತಾರೆ. ಒಂದು ಕಿರಿಕಿರಿ ಇದೆ: ಮೂರನೇ ಹಾಡಿನ ಎರಡನೇ ಟೇಕ್ ಅಂತ 3-2 ಬರೆದರೆ ಅದು ತಾರೀಕಾಗಿ ಕೂರುತ್ತದೆ. ಆ ಕಾಲಮನ್ನು ಮೊದಲೇ ಪ್ಲೇನ್ ಟೆಕ್ಸ್ಟ್ ಮಾಡಿಡಬೇಕು. ನೆಟ್‌ವರ್ಕ್ ಇಲ್ಲದ ಮನೆಯಾದರೆ ಆಫ್‌ಲೈನ್ ಆಯ್ಕೆಯನ್ನೂ ಮೊದಲೇ ಆನ್ ಮಾಡಿ. ಇಷ್ಟಾದರೂ ಸೆಷನ್ ನಡುವೆ ಫೋನಿನ ಪುಟ್ಟ ಪುಟ್ಟ ಚೌಕಗಳಲ್ಲಿ ಬರೆಯುವುದು ನನ್ನಿಂದಾಗಲಿಲ್ಲ. ಕಾಲಂ ಇಲ್ಲದ ವಿಷಯ ಬಿಟ್ಟೇ ಹೋಗುತ್ತದೆ, ಮಳೆಗೆ ಯಾರು ಕಾಲಂ ಇಡುತ್ತಾರೆ?

ರೀಪರ್ ಒಳಗಿನ ನೋಟ್ಸ್ ಬೇರೆ ಥರ. ಪ್ರಾಜೆಕ್ಟಿಗೆ ನೋಟ್ಸ್ ಜಾಗ ಇದೆ, ಪ್ರಾಜೆಕ್ಟ್ ತೆರೆದ ಕೂಡಲೇ ಅದು ಕಾಣುವ ಹಾಗೆ ಮಾಡಬಹುದು. ಅದಕ್ಕಿಂತ ನನಗೆ ಇಷ್ಟ ಮಾರ್ಕರ್. ರೆಕಾರ್ಡ್ ಆಗುತ್ತಿರುವಾಗಲೇ ಎಂ ಒತ್ತಿದರೆ ಆ ಜಾಗಕ್ಕೆ ಗುರುತು ಬೀಳುತ್ತದೆ, ಹೆಸರು ಆಮೇಲೆ ಕೊಟ್ಟರಾಯಿತು. ನಾಯಿ ಬೊಗಳಿದ್ದು ಎಲ್ಲಿ ಅಂತ ಪುಸ್ತಕ ಇಷ್ಟು ಕರಾರುವಾಕ್ಕಾಗಿ ಹೇಳಲಾರದು. ನೋಟ್ಸ್ ಫೈಲಿನ ಜೊತೆಗೇ ಇರುತ್ತವೆ, ಕಳೆಯುವುದಿಲ್ಲ. ಆದರೆ ಓದಬೇಕೆಂದರೆ ಪ್ರಾಜೆಕ್ಟ್ ತೆರೆಯಬೇಕು. ಬೇರೆ ಸಾಫ್ಟ್‌ವೇರ್ ಇರುವವರಿಗೆ ಬರೀ ವೇವ್ ಫೈಲ್ ಕಳಿಸಿದರೆ ನೋಟ್ಸ್ ಇಲ್ಲೇ ಉಳಿಯುತ್ತವೆ.

ವಾಟ್ಸಾಪಿನಲ್ಲಿ ನಮಗೆ ನಾವೇ ಮೆಸೇಜ್ ಹಾಕಿಕೊಳ್ಳುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದು ಸಂತೆ.

ಹಾಡು, ವಾದ್ಯ ರೆಕಾರ್ಡ್ ಮಾಡುವವರಿಗೆ ನನ್ನ ಓಟು ಪುಸ್ತಕಕ್ಕೇ, ಜೊತೆಗೆ ಮಾರ್ಕರ್. ಸೆಷನ್ ಮುಗಿದ ಮೇಲೆ ಆ ಪುಟದ ಫೋಟೋ ತೆಗೆದು ವರ್ಷ-ತಿಂಗಳು-ದಿನ ಅಂತ ಹೆಸರಿಟ್ಟು ಪ್ರಾಜೆಕ್ಟ್ ಫೋಲ್ಡರಿಗೆ ಹಾಕುತ್ತೇನೆ, ಸಾಲಾಗಿ ಕೂರುತ್ತವೆ. ಪುಸ್ತಕವನ್ನು ಮೈಕ್ ಇಡುವ ಡಬ್ಬಿಯಲ್ಲೇ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೂಷ್ಟು ಇಬ್ಬರಿಗೂ ಶತ್ರು. ತಮ್ಮ ಮಾತ್ರ ಶೀಟೇ ಸಾಕು ಅನ್ನುತ್ತಾನೆ. ಅವನದು ಬರೀ ಲ್ಯಾಪ್‌ಟಾಪಿನ ಬೀಟ್, ಮೈಕೇ ಬೇಡ, ಹಾಗಾಗಿ ಅವನ ಜೊತೆ ವಾದ ಮಾಡಲು ಹೋಗುವುದಿಲ್ಲ.