ಕೆಟ್ಟಿದ್ದು ಒಂದು, ಕೆಟ್ಟಿದೆ ಅಂದದ್ದು ಇನ್ನೊಂದು: ಏಳು ಸೀಟಿನ ಡೀಸೆಲ್ ಗಾಡಿ, 1,48,000 ಕಿಲೋಮೀಟರ್ ಆದ ಮೇಲೆ

2017ರಲ್ಲಿ ತೆಗೆದುಕೊಂಡ ಗಾಡಿ. ಏಳು ಸೀಟು, ಡೀಸೆಲ್, ಬಿಎಸ್ 4, ಹಿಂದೆ ಕೂತವರಿಗೆ ಬೇರೆ ಎಸಿ. ಕಂಪನಿ ಹೆಸರು ಹೇಳುವುದಿಲ್ಲ, ಡೀಲರ್ ಹೆಸರೂ ಬೇಡ. ಇಲ್ಲಿ ಬರೆದ ತೊಂದರೆಗಳು ಈ ಅಳತೆಯ ಯಾವ ಗಾಡಿಗೂ ಬರಬಹುದು, ಹೆಸರು ಹಾಕಿದರೆ ಮಾತು ಜಗಳದ ಕಡೆ ಹೋಗುತ್ತದೆ ಅಷ್ಟೇ.

ಮನೆ ಬಾಗಲಕೋಟೆ ನವನಗರದಲ್ಲಿ. ನಾವು ಆರು ಜನ, ಏಳನೆಯವರು ಯಾರಾದರೂ ಬಂದೇ ಬರುತ್ತಾರೆ. ಬನಶಂಕರಿ ಜಾತ್ರೆ, ಎಲ್ಲಮ್ಮನ ಗುಡ್ಡ, ಪಂಢರಪುರ, ವರ್ಷಕ್ಕೊಮ್ಮೆ ಗೋವಾ, ಉಳಿದ ದಿನ ಹೊಲದ ದಾರಿ. ಅಂದರೆ ಈ ಗಾಡಿ ಖಾಲಿ ಓಡಿದ್ದೇ ಕಡಿಮೆ. ಮೇಲೆ ಜೋಳದ ಚೀಲ, ಕೆಳಗೆ ಎರಿಮಣ್ಣು, ಮುಂದೆ ಕಬ್ಬಿನ ಟ್ರ್ಯಾಕ್ಟರ್. ಹೀಗೆ ಓಡಿಸಿದವನ ವಿಮರ್ಶೆ ಇದು, ಬೆಂಗಳೂರಿನ ರಿಂಗ್ ರೋಡಿನಲ್ಲಿ ಓಡಿಸಿದವರದ್ದು ಬೇರೆ ಇರಬಹುದು.

ಮೊದಲು ದೊಡ್ಡ ಕಥೆ ಹೇಳಿಬಿಡುತ್ತೇನೆ. 2021ರ ಡಿಸೆಂಬರ್, ಗೋವಾದಿಂದ ವಾಪಸ್ ಬರುತ್ತಿದ್ದೆವು. ಚೋರ್ಲಾ ಘಾಟ್ ಹತ್ತುವಾಗ ಗಾಡಿ ಏಕಾಏಕಿ ಮುಗ್ಗರಿಸಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎರಡನೇ ಗೇರಿನಲ್ಲಿ ಎತ್ತಿನ ಗಾಡಿ ಥರ ಹೋಗುತ್ತಿದೆ, ಹಿಂದೆ ಕಪ್ಪು ಹೊಗೆ, ಮೀಟರಿನಲ್ಲಿ ಇಂಜಿನ್ ದೀಪ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಒಂದೆರಡು ಕಿಲೋಮೀಟರ್ ಸರಿ, ಆಮೇಲೆ ಮತ್ತೆ ಅದೇ ಕಥೆ. ಹೇಗೋ ಕಣಕುಂಬಿ ತಲುಪಿ ಬಾನೆಟ್ ಎತ್ತಿದೆವು. ನಮ್ಮ ಕೂಡಲಸಂಗಮಕ್ಕೆ ಬಂದು ಕೃಷ್ಣೆ ಸೇರುವ ಮಲಪ್ರಭೆ ಹುಟ್ಟುವುದು ಇದೇ ಕಣಕುಂಬಿಯಲ್ಲಿ. ಅಮ್ಮ ಹೋಗಿ ಕೈಮುಗಿದು ಬಂದರು, ನಾನು ಇಂಜಿನ್ ನೋಡುತ್ತಾ ನಿಂತೆ. ನೋಡಿ ಏನು ಮಾಡುವುದು, ಆಗ ನನಗೆ ಏನೂ ತಿಳಿಯುತ್ತಿರಲಿಲ್ಲ.

ಮರುದಿನ ಶೋರೂಮಿನ ವರ್ಕ್‌ಶಾಪಿಗೆ ಕೊಟ್ಟೆ. ಸ್ಕ್ಯಾನರ್ ಹಾಕಿದರು, ಪಿ 0299 ಅಂತ ಕೋಡ್ ಬಂತು. ಅರ್ಧ ಗಂಟೆಯಲ್ಲಿ ತೀರ್ಪು: "ಸರ್, ಟರ್ಬೊ ಹೋಗೇತ್ರಿ." ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ. ಎಸ್ಟಿಮೇಟ್ 82,000, ಅದೂ ತೆರಿಗೆ ಬಿಟ್ಟು. ಆಗ ಪಾರ್ಟ್ಸ್ ಮೇಲೆ ಶೇಕಡಾ 28 ಜಿಎಸ್‌ಟಿ ಇತ್ತು, ಕೂಡಿಸಿದರೆ ಲಕ್ಷ ದಾಟುತ್ತದೆ. (2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಆದರೂ ಎಸ್ಟಿಮೇಟ್ ಕೈಗೆ ಬಂದ ತಕ್ಷಣ ತೆರಿಗೆ ಸೇರಿದೆಯಾ ಅಂತ ಕೇಳಿ.) ನನಗೆ ಅಷ್ಟು ದುಡ್ಡು ಒಮ್ಮೆಲೆ ಇರಲಿಲ್ಲ, ಅದೇ ಒಳ್ಳೆಯದಾಯಿತು. ಎರಡು ದಿನ ಬಿಟ್ಟು ಹೇಳುತ್ತೇನೆ ಅಂತ ಗಾಡಿ ವಾಪಸ್ ತಂದೆ.

ನಮ್ಮ ಏರಿಯಾದಲ್ಲಿ ಟ್ರಾವೆಲ್ಸ್ ಗಾಡಿಗಳನ್ನೇ ನೋಡುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಟಾರ್ಚ್ ಹಿಡಿದು, ಟರ್ಬೊದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ರಬ್ಬರ್ ಹೋಸ್ ಮೇಲೆ ಬೆರಳಾಡಿಸುತ್ತಾ ಹೋದರು, ಕೆಳಗಿನ ಬಾಗಿನ ಹತ್ತಿರ ನಿಂತರು, ಬೆರಳು ತೋರಿಸಿದರು. ಕಪ್ಪು ಎಣ್ಣೆ, ಅದಕ್ಕೆ ಅಂಟಿದ ಧೂಳು. "ಟರ್ಬೊ ಏನೂ ಆಗಿಲ್ರಿ ಸಾಹೇಬ್ರ, ಪೈಪ್ ಹರದೇತಿ." ಹೋಸ್ ಬಿಚ್ಚಿ ಬಗ್ಗಿಸಿದಾಗ ಎರಡು ಇಂಚಿನ ಸೀಳು ಬಾಯಿ ತೆರೆಯಿತು. ನಿಂತ ಗಾಡಿಯಲ್ಲಿ ಅದು ಮುಚ್ಚಿಕೊಂಡೇ ಇರುತ್ತದೆ. ಲೋಡ್ ಬಿದ್ದು ಟರ್ಬೊ ಗಾಳಿ ಒತ್ತಿದಾಗ ಮಾತ್ರ ತೆರೆಯುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಸುರಿದ ಡೀಸೆಲ್‌ಗೆ ಸಾಕಷ್ಟು ಗಾಳಿ ಸಿಗದೆ ಕಪ್ಪು ಹೊಗೆ ಬರುತ್ತದೆ, ಇಂಜಿನ್ ಹೆದರಿ ತನ್ನ ಪವರ್ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಹೊಸ ಹೋಸ್ 3,400, ಕೂಲಿ 500. ಅದೇ ಟರ್ಬೊ ಇವತ್ತಿಗೂ ಗಾಡಿಯಲ್ಲಿದೆ.

ಪಿ 0299 ಅಂದರೆ ಟರ್ಬೊ ಸತ್ತಿದೆ ಅಂತ ಅರ್ಥ ಅಲ್ಲ. ಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ, ಅಷ್ಟೇ. ಜ್ವರ ಇದೆ ಅಂದಹಾಗೆ. ಜ್ವರ ಯಾಕೆ ಬಂತು ಅಂತ ನೋಡುವುದು ಮನುಷ್ಯನ ಕೆಲಸ. ಆಮೇಲೆ ನಾನೂ ಸಾವಿರ ರೂಪಾಯಿ ಒಳಗೆ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ತರಿಸಿಕೊಂಡೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕಿದರೆ ಮೊಬೈಲಿನಲ್ಲಿ ಕೋಡ್ ಕಾಣುತ್ತದೆ. ಒಂದು ಮಾತು, ಕೋಡ್ ಅಳಿಸುವ ಮುಂಚೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸಿ ಹೋದರೆ ವರ್ಕ್‌ಶಾಪಿನವರು "ಏನೂ ಪ್ರಾಬ್ಲಂ ಇಲ್ಲ ಸರ್" ಅಂತ ತೊಳೆದು ಕಳಿಸುತ್ತಾರೆ.

ಇಷ್ಟು ಓದಿ ಡೀಲರ್ ಅಂದ್ರೆ ಮೋಸ, ಗ್ಯಾರೇಜ್ ಅಂದ್ರೆ ದೇವರು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡೆ, ಮುಂದಿನ ವರ್ಷವೇ ಪೆಟ್ಟು ತಿಂದೆ.

86,000 ಕಿಲೋಮೀಟರಿಗೆ ಕ್ಲಚ್ ಜಾರತೊಡಗಿತು. ಡೀಲರ್ ಹತ್ತಿರ ಕ್ಲಚ್ ಸೆಟ್ ಜೊತೆ ಫ್ಲೈವೀಲ್ (ಇಂಜಿನ್ನಿನ ತುದಿಯ ಭಾರದ ಚಕ್ರ, ಕ್ಲಚ್ ಕೂರುವುದು ಇದರ ಮೇಲೆ) ಕೂಡ ಬದಲಿಸಬೇಕು ಅಂದರು, 58,000. ಇವರದ್ದು ಯಾವಾಗಲೂ ಇದೇ ಅಂತ ನನಗೆ ಸಿಟ್ಟು. ಬೇರೊಂದು ಗ್ಯಾರೇಜಿನಲ್ಲಿ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮಾತ್ರ ಹಾಕಿಸಿದೆ, 17,000ದಲ್ಲಿ ಮುಗಿಯಿತು. ಊರೆಲ್ಲ ಹೇಳಿಕೊಂಡು ತಿರುಗಿದೆ. ಒಂಬತ್ತು ಸಾವಿರ ಕಿಲೋಮೀಟರ್ ಆಗಿರಬೇಕು, ಮೊದಲ ಗೇರಿನಲ್ಲಿ ಬಿಡುವಾಗ ಇಡೀ ಗಾಡಿ ನಡುಗತೊಡಗಿತು, ಆಫ್ ಮಾಡುವಾಗ ಕೆಳಗೆ ತಗಡಿನ ಡಬ್ಬಿ ಅಲ್ಲಾಡಿಸಿದಂತೆ ಸದ್ದು. ನನ್ನ ಗಾಡಿಯಲ್ಲಿ ಇರುವುದು ಡ್ಯುಯಲ್ ಮಾಸ್, ಅಂದರೆ ಎರಡು ಭಾಗದ ಫ್ಲೈವೀಲ್, ಅದರೊಳಗೆ ಸ್ಪ್ರಿಂಗ್ ಇರುತ್ತವೆ, ಅವು ಸೋತಿದ್ದವು. ಅದಕ್ಕಾಗಿ ಗೇರ್‌ಬಾಕ್ಸ್ ಎರಡನೇ ಸಲ ಕೆಳಗಿಳಿಸಬೇಕಾಯಿತು. ಕೂಲಿ ಮತ್ತೊಮ್ಮೆ, ಹೊಸ ಪ್ಲೇಟ್ ಮತ್ತೊಮ್ಮೆ. ಎರಡೂ ಸಲದ್ದು ಸೇರಿ 66,000 ಆಯಿತು. ಡೀಲರ್ ಹೇಳಿದ್ದು ಸರಿಯಿತ್ತು, ಒಪ್ಪಿಕೊಳ್ಳಲೇಬೇಕು. ಗೇರ್‌ಬಾಕ್ಸ್ ಇಳಿಸುವ ಕೆಲಸದಲ್ಲಿ ಒಳಗಿರುವುದನ್ನೆಲ್ಲ ಒಂದೇ ಸಲ ನೋಡಿಬಿಡಬೇಕು, ಫ್ಲೈವೀಲ್ ಕೈಯಲ್ಲಿ ಹಿಡಿದು ಎಷ್ಟು ಆಡುತ್ತದೆ ಅಂತ ತೋರಿಸಿ ಅನ್ನಬೇಕು. ನಾನು ಕೇಳಲಿಲ್ಲ, ಅವರೂ ತೋರಿಸಲಿಲ್ಲ.

ಇನ್ನು ಎಸಿ. ಬಾಗಲಕೋಟೆಯ ಏಪ್ರಿಲ್ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. 2023ರಲ್ಲಿ ಹಿಂದಿನ ಸೀಟಿನವರಿಗೆ ಬಿಸಿಗಾಳಿ ಬರತೊಡಗಿತು, ಮುಂದೆಯೂ ಅಷ್ಟಕ್ಕಷ್ಟೇ. ವರ್ಕ್‌ಶಾಪಿನಲ್ಲಿ ಗ್ಯಾಸ್ ತುಂಬಿದರು, ಮೂರು ವಾರ ತಣ್ಣಗಿತ್ತು. ಮತ್ತೆ ತುಂಬಿದರು, ಎರಡು ವಾರ. ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಮೂರನೇ ಸಲ ಹೋದಾಗ ಕಂಪ್ರೆಸರ್ ಬದಲಿಸಬೇಕು, 38,000 ಅಂದರು. ಸರಿ, ಕಂಪ್ರೆಸರ್ ಹೋಗಿದ್ದರೆ ಗ್ಯಾಸ್ ತುಂಬಿದಾಗ ಮೂರು ವಾರ ಹೇಗೆ ತಣ್ಣಗಿತ್ತು? ಕೇಳಿದೆ. ಉತ್ತರ ಬರಲಿಲ್ಲ.

ವಿಜಯಪುರದಲ್ಲಿ ಬರೀ ಎಸಿ ಕೆಲಸ ಮಾಡುವವರೊಬ್ಬರ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದು ಗಾಡಿ ಎತ್ತಿ ಕೆಳಗೆ ನೋಡಿದ್ದು. ಎರಡು ಎಸಿ ಇರುವ ಗಾಡಿಗಳಲ್ಲಿ ಹಿಂದಿನ ಕೂಲಿಂಗ್‌ಗೆ ಅಲ್ಯೂಮಿನಿಯಂ ಪೈಪುಗಳು ಫ್ಲೋರ್ ಕೆಳಗೇ ಹಿಂದಿನವರೆಗೆ ಹೋಗಿರುತ್ತವೆ. ಕ್ಲಾಂಪ್ ಇರುವ ಕಡೆ ಎರಿಮಣ್ಣು ಸೇರಿ ಗಟ್ಟಿಯಾಗಿ ಕೂತಿತ್ತು. ಮಳೆಗಾಲದಲ್ಲಿ ಆ ಮಣ್ಣು ವಾರಗಟ್ಟಲೆ ಒಣಗುವುದಿಲ್ಲ, ಅದರ ತೇವಕ್ಕೆ ಒಳಗೇ ಅಲ್ಯೂಮಿನಿಯಂ ತಿಂದುಹೋಗಿತ್ತು. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಓಡಾಡುತ್ತಿರುತ್ತದೆ, ಹಾಗಾಗಿ ಲೀಕ್ ಆದ ಕಡೆ ಎಣ್ಣೆಯ ಕಲೆ ಬಿದ್ದೇ ಬೀಳುತ್ತದೆ. ಅದನ್ನೇ ನನಗೂ ತೋರಿಸಿದರು. ಪೈಪ್ ಬದಲಿಸಿ, ಜಾಯಿಂಟಿನ ರಬ್ಬರ್ ರಿಂಗ್ ಹೊಸದು ಹಾಕಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಬಾನೆಟ್ಟಿನ ಸ್ಟಿಕ್ಕರ್ ಮೇಲೆ ಬರೆದಷ್ಟೇ ಗ್ರಾಂ ತೂಕ ಮಾಡಿ ಗ್ಯಾಸ್ ತುಂಬಿದರು. ಒಟ್ಟು 9,200. ಮೂರನೇ ಬೇಸಿಗೆ ದಾಟಿದೆ, ಮತ್ತೆ ಗ್ಯಾಸ್ ಹಾಕಿಸಿಲ್ಲ. ಈಗ ಮಳೆಗಾಲ ಮುಗಿದ ಮೇಲೆ ಗಾಡಿ ಮೇಲೆತ್ತಿಸಿ ತಳ ತೊಳೆಸುತ್ತೇನೆ. ಕಬ್ಬಿನ ಸೀಸನ್ನಿನಲ್ಲಿ ಎಸಿಯ ಬಿಸಿ ಹೊರಹಾಕುವ ಮುಂದಿನ ಕಂಡೆನ್ಸರಿಗೆ ರವದಿಯ (ಕಬ್ಬಿನ ಒಣ ಎಲೆ) ಚೂರು, ಧೂಳು ಮೆತ್ತಿಕೊಳ್ಳುತ್ತದೆ, ಅದನ್ನು ಮಾತ್ರ ಪ್ರೆಶರ್ ಗನ್ ಹಚ್ಚದೆ ಸುಮ್ನೆ ಪೈಪಿನ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಅದರ ತೆಳ್ಳನೆ ರೆಕ್ಕೆಗಳು ಮಡಚಿಹೋಗುತ್ತವೆ.

ಎರಿಮಣ್ಣಿನ ಮಾತು ಬಂತು ಅಂತ ಹೇಳುತ್ತೇನೆ. ನನ್ನ ಭಾವಮೈದುನನ ಹತ್ತಿರ ಸರಿಯುವ ಬಾಗಿಲಿನ ಸಣ್ಣ ಪೆಟ್ರೋಲ್ ವ್ಯಾನ್ ಇದೆ. ಬಾಗಿಲು ಬಿಗಿ ಅಂತ ಅವನು ಕೆಳಗಿನ ಹಳಿಗೆ ಗ್ರೀಸ್ ಸುರಿದ. ಗ್ರೀಸಿಗೆ ಧೂಳು ಅಂಟಿ ಸಿಮೆಂಟ್ ಆಯಿತು, ಕೊನೆಗೆ ರೋಲರ್ ಸವೆದು ಬಾಗಿಲು ಜೋತುಬಿತ್ತು. ಹಳಿಯನ್ನು ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ಕೆರೆದು, ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕಿತ್ತು.

ನನ್ನ ಗಾಡಿ ಬಿಸಿಯಾಗಿದ್ದು ನಮ್ಮದೇ ತಪ್ಪು. 2024ರ ಮೇ ತಿಂಗಳು, ವಿಜಯಪುರದಿಂದ ಬರುತ್ತಾ ಕೊರ್ತಿ-ಕೋಲ್ಹಾರ ಸೇತುವೆ ದಾಟಿದ ಮೇಲೆ ಮುಳ್ಳು ಮೇಲೇರಿತು. ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಫುಲ್ ಹಾಕಿದೆ. ಹೀಟರ್ ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ನಿಲ್ಲಿಸಲು ಜಾಗ ಸಿಗುವವರೆಗೆ ಅದು ಸಣ್ಣ ಆಸರೆ. "ಹೊರಗೂ ಬೆಂಕಿ, ಒಳಗೂ ಬೆಂಕಿ" ಅಂತ ಅಮ್ಮ ಬೈದರು. ಆಮೇಲೆ ಗೊತ್ತಾಯಿತು, ಮದುವೆಗೆ ಅಂತ ಕರೆಸುತ್ತಿದ್ದ ಡ್ರೈವರ್ ಕೂಲೆಂಟ್ ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಹಾಕುತ್ತಿದ್ದ. ನಮ್ಮ ಬೋರ್ ನೀರು ಕಾಯಿಸಿದ ಪಾತ್ರೆ ನೋಡಿದ್ದೀರಲ್ವಾ, ಒಳಗೆಲ್ಲ ಬಿಳಿ ಪದರ. ರೇಡಿಯೇಟರಿನಲ್ಲೂ ಅದೇ ಕೂತಿತ್ತು. ರೇಡಿಯೇಟರ್ ಬದಲಿಸಿದೆವು, 11,000. ಈಗ ಡಿಕ್ಕಿಯಲ್ಲಿ ಒಂದು ಲೀಟರ್ ಕೂಲೆಂಟ್ ಡಬ್ಬಿ ಯಾವಾಗಲೂ ಇರುತ್ತದೆ. ಅದರ ಮೇಲೆ ಮಾರ್ಕರಿನಲ್ಲಿ "ಬೋರ್ ನೀರು ಹಾಕಬೇಡ" ಅಂತ ಬರೆದಿದ್ದೇನೆ.

ಸಣ್ಣಪುಟ್ಟದ್ದು: ಹಂಪ್ ಮೇಲೆ ಟಕ್ ಟಕ್ ಅಂದರೆ ಮೊದಲು ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸರಳಿನ ಕೊಂಡಿ) ನೋಡಿಸಿ, ಶಾಕ್ ಅಬ್ಸಾರ್ಬರ್ ಆಮೇಲೆ. ಲೋಕಲ್ ಲಿಂಕ್ ಹಾಕಿಸಿದೆ, ಎಂಟು ತಿಂಗಳು ಬಂತು, ಕಂಪನಿಯದ್ದು ಮೂರು ವರ್ಷ. ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಿಕ್ ಅಂತು, ಸ್ಟಾರ್ಟರ್ ಮೋಟಾರ್ ಅಂದರು, ಆಗಿದ್ದು ಬ್ಯಾಟರಿಯ ಅರ್ಥ್ ವೈರ್ ತುಕ್ಕು ಹಿಡಿದದ್ದು, ಉಪ್ಪುಕಾಗದದಲ್ಲಿ ಉಜ್ಜಿದೆ, ಮುಗಿಯಿತು. 300 ರೂಪಾಯಿಯ ಮಲ್ಟಿಮೀಟರ್ ಇಟ್ಟುಕೊಳ್ಳಿ. ಇಂಜಿನ್ ಬಂದ್ ಇದ್ದಾಗ 12.6 ವೋಲ್ಟ್ ಹತ್ತಿರ, ಚಾಲೂ ಇದ್ದಾಗ 14ರ ಆಸುಪಾಸು ತೋರಿಸಿದರೆ ಬ್ಯಾಟರಿ, ಆಲ್ಟರ್ನೇಟರ್ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ.

ವರ್ಕ್‌ಶಾಪಿನಲ್ಲಿ ಈಗ ನಾನು ನಡೆದುಕೊಳ್ಳುವ ರೀತಿ ಬದಲಾಗಿದೆ. ಜಾಬ್ ಕಾರ್ಡಿನಲ್ಲಿ "ಟರ್ಬೊ ಚೆಕ್" ಅಂತ ಬರೆಸುವುದಿಲ್ಲ, "ಏರು ಹತ್ತುವಾಗ ಪವರ್ ಇಲ್ಲ, ಕಪ್ಪು ಹೊಗೆ" ಅಂತ ನಮ್ಮ ಮಾತಿನಲ್ಲೇ ಬರೆಸುತ್ತೇನೆ. ರೋಗ ಹೇಳುವುದು ನಮ್ಮ ಕೆಲಸ ಅಲ್ಲ, ನೋವು ಹೇಳಬೇಕು. ಸದ್ದು ಇದ್ದರೆ ಸೂಪರ್‌ವೈಸರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗುತ್ತೇನೆ, ಏಳು ಜನರ ಭಾರ ಇದ್ದಾಗ ಮಾತ್ರ ಬರುವ ಸದ್ದಾದರೆ ಮನೆಯವರನ್ನೂ ಕರೆದುಕೊಂಡು ಹೋಗಿದ್ದುಂಟು, ನಕ್ಕರೆ ನಗಲಿ. ಹಳೇ ಪಾರ್ಟ್ ವಾಪಸ್ ಬೇಕು ಅಂತ ಮೊದಲೇ ಹೇಳುತ್ತೇನೆ. ಇಂಜಿನ್ ಡ್ರೆಸಿಂಗ್ (ಇಂಜಿನ್ ಮೇಲೆ ಹೊಳಪಿನ ಸ್ಪ್ರೇ), ಎಸಿ ಡಿಸಿನ್ಫೆಕ್ಷನ್ ಇತ್ಯಾದಿಗಳಿಗೆ ಬೇಡ ಅಂದರೆ ಸರ್ವಿಸ್ ಬಿಲ್ ಎರಡು ಮೂರು ಸಾವಿರ ಇಳಿಯುತ್ತದೆ.

ಆ ಎರಡು ಸಲ ಸುಮ್ನೆ ಗ್ಯಾಸ್ ತುಂಬಿದ ದುಡ್ಡು ಬಿಟ್ಟಿರಲಿಲ್ಲ. ಎರಡೂ ಬಿಲ್, ಎಣ್ಣೆ ಕಲೆಯ ಫೋಟೊ ಹಾಕಿ ಕಂಪನಿಗೆ ಮೇಲ್ ಮಾಡಿದೆ. ಉತ್ತರ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಫೋನ್ ಬಂತು, ಒಂದು ಸಲದ ದುಡ್ಡು ವಾಪಸ್ ಕೊಟ್ಟರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಡೀಲರ್ ಇರುವ ಊರಿಗೆ ಅಲೆಯಬೇಕಾಗಿಲ್ಲ. ನಾನು ಅಲ್ಲಿಯವರೆಗೆ ಹೋಗಲಿಲ್ಲ.

ಗಾಡಿ ಹೇಗಿದೆ ಅಂತ ಕೇಳಿದರೆ, ಇಂಜಿನ್ ಗಟ್ಟಿ, ಸೀಟು ಆರಾಮ, ಮೂರನೇ ಸಾಲು ಮಕ್ಕಳಿಗೆ ಮಾತ್ರ. ಮೈಲೇಜ್ ತುಂಬಿದ ಗಾಡಿಗೆ 14, ಖಾಲಿ ಇದ್ದರೆ 16. ಕೈಕೊಟ್ಟಿದ್ದು ಹೆಚ್ಚಾಗಿ ರಬ್ಬರ್, ಪೈಪ್, ವೈರು. ದುಬಾರಿ ಕಬ್ಬಿಣದಲ್ಲಿ ಫ್ಲೈವೀಲ್ ಒಂದೇ. ಐದಕ್ಕೆ ಮೂರೂವರೆ ಕೊಡುತ್ತೇನೆ, ಸರ್ವಿಸಿಗೆ ಎರಡು.

ಹೋದ ವಾರದಿಂದ ಎಡಗಡೆ ಹಿಂದಿನಿಂದ ಗುಂಯ್ ಅನ್ನುವ ಸದ್ದು. ಸ್ಪೀಡ್ ಏರಿದಂತೆ ಏರುತ್ತದೆ, ಬಲಕ್ಕೆ ತಿರುಗಿಸಿದಾಗ ಜಾಸ್ತಿ, ಎಡಕ್ಕೆ ತಿರುಗಿಸಿದರೆ ಕಡಿಮೆ. ಟೈರ್ ಅಂತ ಒಬ್ಬರು ಹೇಳಿದರು, ನನಗೆ ವೀಲ್ ಬೇರಿಂಗ್ ಅನ್ನಿಸುತ್ತಿದೆ. ಭಾನುವಾರ ಜ್ಯಾಕ್ ಹಾಕಿ ಚಕ್ರ ತಿರುಗಿಸಿ ನೋಡುತ್ತೇನೆ.